ವಿಕಟಮೂರ್ತಿಯ ಎರಡನೇ ಲೋಟ

ಥೀಮ್ ಪಾರ್ಕಿನ ಜೈಂಟ್ ವೀಲಿನ ತುತ್ತತುದಿಯಲ್ಲಿ ಕುಳಿತು ನಾನೊಮ್ಮೆ ದಾರಿ ತಪ್ಪಿದ ಹದ್ದೊಂದಕ್ಕೆ ದಾರಿ ಹೇಳಿದ್ದೇನೆ. ಅದು ನನ್ನ ತೊಟ್ಟಿಲಿನ ಕಂಬಿಯ ಮೇಲೆ ಬಂದು ಕೂತು ಕತ್ತು ಓರೆ ಮಾಡಿತು, ನಾನು ಬೆರಳು ತೋರಿಸಿದೆ, ಅದು ಹೋಯಿತು. ಮುಂದಿನ ವರ್ಷ ಅದೇ ತಿಂಗಳು ನಮ್ಮೂರಿಗೆ ಬಂದು, ನನ್ನ ಅಂಗಡಿಯ ಮೇಲೆ ಮೂರು ಸುತ್ತು ಹಾಕಿ ಕೃತಜ್ಞತೆ ಸಲ್ಲಿಸಿತು. ಆ ಎತ್ತರದಿಂದ ಸಮುದ್ರ ಕಾಣುತ್ತಿತ್ತು. ಸಮುದ್ರದ ಆಚೆ ದಡದಲ್ಲಿ ಒಬ್ಬ ಬಲೆ ಹೆಣೆಯುತ್ತಿದ್ದ. ಅವನ ಅಂಗಿಯ ಎರಡನೇ ಗುಂಡಿ ಕಿತ್ತುಹೋಗಿದ್ದುದೂ ನನಗೆ ಕಂಡಿತು. ನಾನು ದರ್ಜಿ, ಗುಂಡಿಯ ವಿಷಯದಲ್ಲಿ ನನ್ನ ಕಣ್ಣು ತಪ್ಪುವುದಿಲ್ಲ.

ಇದನ್ನು ಮೂವತ್ತು ವರ್ಷ ಹೇಳಿಕೊಂಡು ಬಂದಿದ್ದೇನೆ. ಮೊದಲು ಹೇಳಿದ್ದು ತಮ್ಮನ ಮಗಳು ಹೈಮವತಿಗೆ. ಆಗ ಅವಳಿಗೆ ಆರು ವರ್ಷ, ತಾಯಿ ಹೋಗಿ ಎರಡು ವರ್ಷವಾಗಿತ್ತು. ಅವಳು ನಕ್ಕಳು. ಮಕ್ಕಳು ನಕ್ಕರೆ ನನ್ನಂಥವನು ಹದ್ದಿನ ಜೊತೆಗೆ ಅದರ ಹೆಂಡತಿಯನ್ನೂ ಕರೆತರುತ್ತಾನೆ.

ತಮ್ಮ ಚಿದಂಬರ ನನ್ನ ತದ್ವಿರುದ್ಧ. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅವನು ತರಗತಿಗೆ ಕಾಲಿಟ್ಟರೆ ಬೆಂಚುಗಳೂ ನೆಟ್ಟಗೆ ಕೂರುತ್ತಿದ್ದವು. ಇಂಥವನಿಗೆ ಒಂದು ಗುಟ್ಟಿನ ಹುಚ್ಚಿತ್ತು. ವಾರಪತ್ರಿಕೆಯೊಂದರ ಕೊನೆಯ ಪುಟದಲ್ಲಿ ‘ಪತ್ತೇದಾರ ವಿಕಟಮೂರ್ತಿ’ ಎಂಬ ಚಿತ್ರಕತೆ ಬರುತ್ತಿತ್ತು. ನೇರಳೆ ಬಣ್ಣದ ಉದ್ದ ಕೋಟಿನ ಪತ್ತೇದಾರ. ಬರೆದು ಚಿತ್ರಿಸುತ್ತಿದ್ದವರು ವೆಂಕೋಬರಾಯರೆಂಬ ಹಿರಿಯರು. ಚಿದಂಬರ ಅದರ ಬಗ್ಗೆ ಪತ್ರಿಕೆಗೆ ಕಾಗದ ಬರೆಯುತ್ತಿದ್ದ. ಮೇಷ್ಟ್ರು ಮಕ್ಕಳ ಚಿತ್ರಕತೆಗೆ ಕಾಗದ ಬರೆಯುತ್ತಾರೆಂದು ಹುಡುಗರಿಗೆ ತಿಳಿದರೆ ಮರ್ಯಾದೆ ಉಳಿಯುವುದಿಲ್ಲವೆಂದು ಕೆಳಗೆ ನನ್ನ ಹೆಸರು, ನನ್ನ ಅಂಗಡಿಯ ವಿಳಾಸ ಹಾಕುತ್ತಿದ್ದ. ನಾಲ್ಕು ವರ್ಷದಲ್ಲಿ ಅಂಥ ಅರವತ್ತು ಕಾಗದ ಅಚ್ಚಾದವು. ಕೊನೆಗೆ ಗಿರಾಕಿಗಳು ನನ್ನನ್ನೇ ವಿಕಟಮೂರ್ತಿ ಎಂದು ಕರೆಯತೊಡಗಿದರು. ನಾನು ಬೇಡವೆನ್ನಲಿಲ್ಲ. ಆ ಕಾಗದಗಳಲ್ಲಿ ಒಂದನ್ನೂ ನಾನು ಓದಿರಲಿಲ್ಲ. ನನ್ನ ಹೆಸರು ಅಚ್ಚಾದ ಜಾಗವನ್ನಷ್ಟೇ ನೋಡುತ್ತಿದ್ದೆ.

ಹೀಗಿರುವಾಗ ದೂರದ ಪಟ್ಟಣದಲ್ಲಿ ವಿಕಟಮೂರ್ತಿ ಅಭಿಮಾನಿಗಳ ಸಮಾವೇಶ ನಡೆಯುವುದೆಂದು ಪ್ರಕಟವಾಯಿತು. ರಾಯರು ಖುದ್ದಾಗಿ ಬರುವವರಿದ್ದರು. ಪಕ್ಕದಲ್ಲೇ ಹೊಸ ಥೀಮ್ ಪಾರ್ಕು. ಮರುದಿನ ನೇರಳೆ ಕೋಟು ತೊಟ್ಟು ಬಂದವರಿಗೆಲ್ಲ ಅಲ್ಲಿ ಅರ್ಧ ಟಿಕೀಟು. ಚಿದಂಬರನಿಗೆ ಸಮಾವೇಶ ಬೇಕಿತ್ತು, ನನಗೆ ಪಾರ್ಕು ಬೇಕಿತ್ತು. ಒಂದೇ ಪ್ರಯಾಣದಲ್ಲಿ ಎರಡೂ ಆಗುವ ಹಾಗೆ ಅವನು ಗ್ರಾಫ್ ಹಾಳೆಯ ಮೇಲೆ ಯೋಜನೆ ಹಾಕಿದ. ಪ್ಯಾಸೆಂಜರ್ ರೈಲು, ಛತ್ರದಲ್ಲಿ ಒಂದು ಕೋಣೆ, ಎರಡು ದಿನಕ್ಕಾಗುವಷ್ಟು ಚಪಾತಿ, ಚಟ್ನಿಪುಡಿ, ಹುಳಿಯವಲಕ್ಕಿ. ಹೈಮಳನ್ನು ನನ್ನ ಹೆಂಡತಿಯ ಹತ್ತಿರ ಬಿಡುವುದು. ಕೋಟುಗಳನ್ನು ನಾನು ಹೊಲಿದೆ. ನಾನು ಹೊಲಿದ ಕೋಟು ತೊಟ್ಟರೆ ಆಳು ಮೂರು ಅಂಗುಲ ಎತ್ತರವಾಗುತ್ತಾನೆಂಬ ಪ್ರತೀತಿ ಆಗಲೇ ಇತ್ತು. ಹುಟ್ಟಿಸಿದವನು ನಾನೇ.

ಉಳಿದದ್ದು ಸಮಾವೇಶದ ಪ್ರವೇಶಶುಲ್ಕ. ಅಚ್ಚಾದ ಕಾಗದ ಬರೆದವರಿಗೆ ಮಾತ್ರ ಪ್ರತಿನಿಧಿಯ ಹಳದಿ ಬಿಲ್ಲೆ. ಪ್ರತಿನಿಧಿಯ ಜೊತೆ ಬರುವ ಒಬ್ಬರಿಗೆ ಅರ್ಧ ಶುಲ್ಕದಲ್ಲಿ ಬಿಳಿ ಬಿಲ್ಲೆ. ಹೆಸರು ನನ್ನದಾದ್ದರಿಂದ ಹಳದಿ ನನಗೆ ಬಂತು. ಚಿದಂಬರನ ಬಿಳಿ ಬಿಲ್ಲೆಯ ಮೇಲೆ ‘ಜೊತೆಗೆ ಬಂದವರು’ ಎಂದಿತ್ತು.

“ಅಲ್ಲಿಗೆ ಹೋದ್ಮೇಲೆ ರಾಯರಿಗೆ ನಾನೇ ವಿಷಯ ಹೇಳ್ತೀನಿ ಅಣ್ಣ,” ಎಂದ. “ಐದು ನಿಮಿಷ ಸಿಕ್ರೆ ಸಾಕು. ಒಂದು ಮಾತು ಕೇಳೋದಿದೆ.”

“ಐದು ನಿಮಿಷ ಏನೋ, ನಾನಿದ್ದೀನಲ್ಲ. ಅವರ ಮನೇಲಿ ಊಟಕ್ಕೇ ಕೂರಿಸ್ತೀನಿ ನಿನ್ನ.”

ಕೇಳುವ ಮಾತೇನೆಂದು ರೈಲಿನಲ್ಲಿ ಹೇಳಿದ. ಪ್ರತಿ ಕತೆಯ ಕೊನೆಯ ಚಿತ್ರದಲ್ಲಿ ವಿಕಟಮೂರ್ತಿ ಮನೆಗೆ ಮರಳಿ ಮೇಜಿನ ಮುಂದೆ ಕೂರುತ್ತಾನೆ. ಮನೆಯಲ್ಲಿ ಅವನೊಬ್ಬನೇ. ಆದರೆ ಮೇಜಿನ ಮೇಲೆ ಎರಡು ಲೋಟ ಕಾಫಿ. ಆ ಎರಡನೆಯದು ಯಾರಿಗೆ? ಕಾಗದದಲ್ಲಿ ಅವನು ಇದನ್ನು ಕೇಳಿದ್ದ, ಉತ್ತರ ಬಂದಿರಲಿಲ್ಲ. ಚಿದಂಬರನ ಹೆಂಡತಿ ಶಾರದೆ ತೀರಿಕೊಂಡ ಮೇಲೂ ಸಂಜೆ ಶಾಲೆಯಿಂದ ಬಂದವನು ಎರಡು ಲೋಟಕ್ಕೆ ಕಾಫಿ ಬಗ್ಗಿಸುತ್ತಾನೆಂದು ನನ್ನ ಹೆಂಡತಿ ಹೇಳಿದ್ದಳು. ಅದನ್ನು ನೆನೆಸಿಕೊಂಡು ನಾನು ಕಿಟಕಿಯ ಕಡೆ ತಿರುಗಿದೆ.

ಸಮಾವೇಶದ ಸಭಾಂಗಣದಲ್ಲಿ ಎಂಟು ಸಾವಿರ ಜನ ಸೇರಿದ್ದರು. ಎಂಟುನೂರು ಎಂದಿಟ್ಟುಕೊಳ್ಳಿ. ಎಲ್ಲಿ ನೋಡಿದರೂ ನೇರಳೆ ಕೋಟು. ರಾಯರನ್ನು ಇಬ್ಬರು ಕೈಹಿಡಿದು ವೇದಿಕೆಗೆ ಕರೆತಂದರು. ದೀಪ, ಹಾರ, ಭಾಷಣಗಳೆಲ್ಲ ಮುಗಿದ ಮೇಲೆ ಅವರು ಮೈಕಿನ ಹತ್ತಿರ ಬಾಗಿ, ಮೆಲ್ಲನೆ ಮಾತಾಡಿದರು.

“ಇಷ್ಟು ವರ್ಷದಲ್ಲಿ ಆ ಎರಡನೇ ಲೋಟ ಯಾರಿಗೆ ಅಂತ ಕೇಳಿದವರು ಒಬ್ಬರೇ. ಅದು ಅಚ್ಚಿನಲ್ಲಿ ಹೇಳೋ ಮಾತಲ್ಲ. ಅವರು ಬಂದಿದ್ರೆ ಬರಲಿ, ಕಿವೀಲಿ ಹೇಳ್ತೀನಿ.”

ಹಾಗೆಂದು ನನ್ನ ಹೆಸರು ಕರೆದರು.

ಪಕ್ಕದಲ್ಲಿ ಚಿದಂಬರ ಅರ್ಧ ಎದ್ದಿದ್ದ. ಅವನ ಒಂದು ಕೈ ಮುಂದಿನ ಕುರ್ಚಿಯ ಬೆನ್ನಿನ ಮೇಲಿತ್ತು. ಆದರೆ ನಾನು ಪೂರ್ತಿ ಎದ್ದಾಗಿತ್ತು, ಚಪ್ಪಾಳೆ ಶುರುವಾಗಿತ್ತು. ಅವನು ನನ್ನ ಹಿಂದೆಯೇ ಮೆಟ್ಟಿಲಿನವರೆಗೆ ಬಂದ. ಅಲ್ಲಿದ್ದ ಕಾರ್ಯಕರ್ತ ಬಿಳಿ ಬಿಲ್ಲೆ ನೋಡಿ, ಜೊತೆಗೆ ಬಂದವರು ಕೆಳಗೇ ಇರಬೇಕು ಎಂದ. ತಿರುಗಿ ನಿಂತು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ತಿರುಗಲಿಲ್ಲ. ರಾಯರು ನನ್ನ ಹೆಗಲು ಹಿಡಿದು, ಕಿವಿಯ ಹತ್ತಿರ ಬಾಯಿ ತಂದು, ಸಾಕಷ್ಟು ಹೊತ್ತು ಹೇಳಿದರು. ಅವರ ಉಸಿರಿನಲ್ಲಿ ಲವಂಗದ ವಾಸನೆಯಿತ್ತು. ನಾನು ಮೂರು ಸಲ ತಲೆಯಾಡಿಸಿದೆ. ಸಭೆ ಮುಗಿಯುವ ಮೊದಲೇ ಅವರಿಗೆ ಆಯಾಸವಾಗಿ, ಹಿಂದಿನ ಬಾಗಿಲಿನಿಂದ ಕರೆದುಕೊಂಡು ಹೋದರು.

ಆ ಸಂಜೆ ಛತ್ರದಲ್ಲಿ ಚಿದಂಬರ ಏನೂ ಕೇಳಲಿಲ್ಲ. ಬುತ್ತಿ ಬಿಚ್ಚಿದ, ನನಗೆ ಬಡಿಸಿದ, ಮಲಗಿದ. ಕೇಳಿದ್ದು ಮರುದಿನ, ಪಾರ್ಕಿನಲ್ಲಿ. ಜೈಂಟ್ ವೀಲಿನ ಒಂದೇ ತೊಟ್ಟಿಲಿನಲ್ಲಿ ಇಬ್ಬರೂ ಎದುರುಬದುರಾಗಿ ಕೂತಿದ್ದೆವು. ಕೆಳಗೆ ಜನರನ್ನು ಹತ್ತಿಸಿಕೊಳ್ಳಲು ಅದು ನಿಂತಾಗ ನಮ್ಮ ತೊಟ್ಟಿಲು ತುದಿಯಲ್ಲಿತ್ತು. ಗಾಳಿಗೆ ಅವನ ನೇರಳೆ ಕೋಟು ಪಟಪಟ ಹೊಡೆದುಕೊಳ್ಳುತ್ತಿತ್ತು.

“ಅಣ್ಣ, ರಾಯರು ಏನಂದ್ರು?”

“ಅತಿಥಿಗಂತೆ ಕಣೋ. ಯಾರಾದ್ರೂ ಬಂದ್ರೆ ಇರಲಿ ಅಂತ.”

ಅವನು ನನ್ನನ್ನೇ ನೋಡಿದ. “ಅಷ್ಟೇನಾ?” ಎಂದ.

“ಅಷ್ಟೇ.”

ಚಕ್ರ ಇಳಿಯತೊಡಗಿತು. ಹದ್ದು ಗಿದ್ದು ಯಾವುದೂ ಬರಲಿಲ್ಲ. ಆಮೇಲೆ ಉಳಿದ ಆಟಗಳಿಗೆ ನಾನೊಬ್ಬನೇ ಹೋದೆ. ಅವನು ಬೆಂಚಿನ ಮೇಲೆ ಚೀಲಗಳನ್ನು ಕಾಯುತ್ತಾ ಕುಳಿತ. ಊರಿಗೆ ಬಂದ ಮೇಲೆ ಅವನು ಪತ್ರಿಕೆಗೆ ಒಂದು ಕಾಗದವನ್ನೂ ಬರೆಯಲಿಲ್ಲ. ಆರು ತಿಂಗಳಿಗೆ ವೆಂಕೋಬರಾಯರು ತೀರಿಕೊಂಡರು, ವಿಕಟಮೂರ್ತಿಯ ಕತೆಯೂ ನಿಂತಿತು. ನಾನು ಮಾತ್ರ ಹೇಳುವುದನ್ನು ನಿಲ್ಲಿಸಲಿಲ್ಲ. ಕೇಳಿದವರ ಮುಖ ನೋಡಿಕೊಂಡು ಆ ಲೋಟವನ್ನು ಒಮ್ಮೆ ರಾಣಿಗೆ ಕೊಟ್ಟೆ, ಒಮ್ಮೆ ಮಾರುವೇಷದ ಗೂಢಚಾರನಿಗೆ ಕೊಟ್ಟೆ, ಒಮ್ಮೆ ವಿಷ ಪರೀಕ್ಷಿಸುವ ಬೆಕ್ಕಿಗೆ ಕುಡಿಸಿದೆ. ಅಂಥ ಮಾತು ನಡೆಯುವಾಗ ಚಿದಂಬರ ಅಲ್ಲಿದ್ದರೆ ಎದ್ದು ಒಳಗೆ ಹೋಗುತ್ತಿದ್ದ. ಒಂದು ದಿನವೂ ಅಲ್ಲವೆನ್ನಲಿಲ್ಲ.

ಹೋದ ವರ್ಷ ಚಿದಂಬರ ಹೋದ. ವೈಕುಂಠ ಸಮಾರಾಧನೆಯ ದಿನ ಊಟ ಮುಗಿಸಿ ನೆಂಟರೆಲ್ಲ ಅಂಗಳದ ಶಾಮಿಯಾನದ ಕೆಳಗೆ ಕೂತಿದ್ದಾಗ, ದುಃಖ ಮರೆಸುವ ನೆಪದಲ್ಲಿ ನಾನು ಹದ್ದನ್ನು ಕರೆತಂದೆ. ನಕ್ಕರು. ಒಬ್ಬೊಬ್ಬರಾಗಿ ಹೊರಟರು. ಕೊನೆಗೆ ಹೈಮ ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು.

“ದೊಡ್ಡಪ್ಪ, ರಾಯರು ನಿಮ್ಮ ಕಿವೀಲಿ ಏನಂದ್ರು?”

ಅವಳ ಮುಖ ನೋಡಿದೆ. ಆ ಮುಖಕ್ಕೆ ಹೊಂದುವ ಉತ್ತರ ಬಾಯಿಗೆ ತಾನಾಗಿ ಬಂತು. “ಹೋದವರಿಗಂತೆ ಮಗು. ಹೋದವರು ಪೂರ್ತಿ ಹೋಗೋದಿಲ್ಲ, ಸಂಜೆ ಹೊತ್ತು ಬಂದು ಕೂತಿರ್ತಾರೆ ಅಂತ ಅಂದ್ರು.”

“ನನ್ನ ಮದುವೇಲಿ ರಾಣಿಗೆ ಅಂದಿದ್ರಿ.”

ನಾನು ಅಂಗಿಯ ಗುಂಡಿ ಸರಿಮಾಡಿಕೊಂಡೆ.

“ಅಪ್ಪ ಕೊನೇ ತನಕ ಎರಡು ಲೋಟ ಇಡ್ತಿದ್ರು ದೊಡ್ಡಪ್ಪ. ಯಾಕೆ ಅಂತ ಕೇಳಿದ್ರೆ, ಅದಕ್ಕೆ ಉತ್ತರ ಒಬ್ಬರಿಗೆ ಗೊತ್ತಿತ್ತು, ನಂಗೆ ಕೇಳಿಸ್ಕೊಳ್ಳೋಕೆ ಆಗ್ಲಿಲ್ಲ ಅಂತಿದ್ರು.” ಅವಳು ಸೆರಗಿನ ಮರೆಯಿಂದ ಒಂದು ಹಳೆಯ ನೋಟ್‌ಬುಕ್ ತೆಗೆದು ನನ್ನ ತೊಡೆಯ ಮೇಲಿಟ್ಟಳು. “ಅವರ ಪೆಟ್ಟಿಗೇಲಿ ಸಿಕ್ತು. ಕೊನೇ ಹಾಳೆ ಓದಿ.”

ಅರವತ್ತು ಕಾಗದಗಳ ಕರಡುಗಳು ಅದರಲ್ಲಿದ್ದವು. ಅವುಗಳ ಆಚೆ, ಕೊನೆಯ ಹಾಳೆಯಲ್ಲಿ, ಕಳಿಸದೆ ಉಳಿದ ಇನ್ನೊಂದು, ಸಮಾವೇಶ ಮುಗಿದ ವಾರದ್ದು: ‘ಮಾನ್ಯ ರಾಯರಿಗೆ, ಆ ದಿನದ ಗದ್ದಲದಲ್ಲಿ ತಮ್ಮ ಮಾತು ನನ್ನ ಅಣ್ಣನಿಗೆ ಕೇಳಿಸಿದಂತಿಲ್ಲ. ಪ್ರಶ್ನೆ ನನ್ನದು. ದಯವಿಟ್ಟು ತಾವು ಇನ್ನೊಮ್ಮೆ’. ಅಲ್ಲಿಗೆ ನಿಂತಿತ್ತು. ಇಡೀ ಕಾಗದದ ಮೇಲೆ ಅಡ್ಡಗೆರೆ. ಅದರ ಕೆಳಗೆ ಅದೇ ದುಂಡು ಅಕ್ಷರದಲ್ಲಿ, ‘ಬೇಡ. ಅಣ್ಣನಿಗೆ ಅವಮಾನವಾದೀತು.’

ಅವನು ಬರೆದದ್ದನ್ನು ನಾನು ಓದಿದ್ದು ಅದೇ ಮೊದಲು.

“ಕೇಳಿಸ್ಲಿಲ್ಲ ಅಂತ ಅಲ್ಲ ಹೈಮ,” ಎಂದೆ. “ಗದ್ದಲ ಏನೂ ಇರಲಿಲ್ಲ. ಎಲ್ಲರೂ ಉಸಿರು ಹಿಡ್ಕೊಂಡು ಕೂತಿದ್ರು. ಅವರು ಸ್ಪಷ್ಟವಾಗೇ ಹೇಳಿದ್ರು. ನಾನು ಜನರ ಕಡೆ ನೋಡ್ತಿದ್ದೆ. ಎಷ್ಟು ಜನ ನನ್ನನ್ನ ನೋಡ್ತಿದಾರೆ ಅಂತ ಎಣಿಸ್ತಿದ್ದೆ. ಒಂದು ಪದಾನೂ ಒಳಗೆ ತಗೊಳ್ಲಿಲ್ಲ.”

ಅವಳು ಬೈಯಲಿಲ್ಲ. ನೋಟ್‌ಬುಕ್ಕನ್ನೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಷ್ಟರಲ್ಲಿ ಬಾಡಿಗೆ ಅಂಗಡಿಯವನು ಕುರ್ಚಿಗಳನ್ನು ಒಂದೊಂದಾಗಿ ಮಡಚುತ್ತಾ ನಮ್ಮವರೆಗೂ ಬಂದ. ಗಾಡಿ ಕಾಯುತ್ತಿದೆ ಎಂದ. ಹೈಮ ಎದ್ದು ತನ್ನ ಕುರ್ಚಿ ಕೊಟ್ಟಳು. ನಾನೂ ಎದ್ದೆ. ಅವನು ಎರಡನ್ನೂ ಮಡಚಿ ಹೆಗಲಿಗೇರಿಸಿಕೊಂಡು ಹೋದ. ಬರಿದಾದ ಅಂಗಳದಲ್ಲಿ ನೋಟ್‌ಬುಕ್ ಹಿಡಿದು ನಾನು ನಿಂತೇ ಇದ್ದೆ.