ಲಖ್ಮು ಎರಕ ಹೊಯ್ದ ಹಂದಿ

ಲಖ್ಮು ಸುತ್ತಿಗೆಯಿಂದ ತಟ್ಟಿದ. ಸುಟ್ಟ ಮಣ್ಣಿನ ಅಚ್ಚು ಬಿರಿದು ಒಳಗಿನ ಹಿತ್ತಾಳೆ ಹಂದಿ ಹೊರಬಂತು. ಮುಷ್ಟಿಯಷ್ಟೇ ಗಾತ್ರ. ಆದರೆ ಅಬ್ಬಾ, ಅದೆಂಥ ಸಿಟ್ಟು! ಬೆನ್ನಿನ ಕೂದಲು ನೆಟ್ಟಗೆ ನಿಂತಿತ್ತು, ಮುಂಗಾಲು ನೆಲ ಬಗೆಯುತ್ತಿತ್ತು, ಮೈಭಾರವೆಲ್ಲ ಕುತ್ತಿಗೆಗೆ ನುಗ್ಗಿ ಬಂದಿತ್ತು. ಕೊಂಡಗಾಂವಿನ ಸುತ್ತ ಎರಕದವರಿಗೇನು ಬರವೇ? ಇಂಥದ್ದೊಂದನ್ನು ಮಾಡಿ ತೋರಿಸಲಿ ನೋಡೋಣ!

ಐತವಾರಿನ್ ಅದನ್ನು ಕೈಗೆತ್ತಿಕೊಂಡಳು. ಮೇಣದ ಎಳೆ ಹೊಸೆದು ಕೊಟ್ಟವಳು ಅವಳೇ. ಎಳೆ ಸುತ್ತಿ ಹಂದಿಯ ರೂಪ ತಂದು, ಅದರ ಮೇಲೆ ಅಚ್ಚಿನ ಮಣ್ಣು ಮೆತ್ತಿದ್ದೆಲ್ಲ ಮೈದುನ ಲಖ್ಮು, ಅವಳ ಕಣ್ಣಿಗೆ ಬೀಳದ ಹಾಗೆ. ಹೋದ ವರ್ಷ ಅವಳ ಗಂಡ ಸೋನ್‌ಸಾಯನನ್ನು ಕಾಡುಹಂದಿ ಹೊಟ್ಟೆ ಸೀಳಿ ಕೊಂದಿತ್ತು. 'ನಾನು ಹೋಗೋಷ್ಟರಲ್ಲಿ ಎಲ್ಲ ಮುಗಿದಿತ್ತು, ಹಂದಿಯ ಬಾಲವೂ ಕಾಣಲಿಲ್ಲ' ಎಂದು ಲಖ್ಮು ಊರೆದುರು ಎದೆ ಬಡಿದುಕೊಂಡು ಅತ್ತಿದ್ದ. ನಂಬಿದ್ದಳು, ಪಾಪ. ನಂಬಿ, ವರ್ಷವಿಡೀ ಅವನಿಗೆ ಅಂಬಲಿ ಕಾಸಿ ಹಾಕಿದ್ದಳು.

ನೆತ್ತಿ ಸವರುತ್ತಿದ್ದ ಅವಳ ಹೆಬ್ಬೆರಳು ಹಂದಿಯ ಎಡಗಿವಿಗೆ ಬಂದು ನಿಂತಿತು. ಕಿವಿ ಅರ್ಧವೇ ಇತ್ತು.

"ಯಾಕೋ, ಇಲ್ಲಿಗೆ ಲೋಹ ಹರೀಲಿಲ್ವಾ?"

"ಛೇ, ನನ್ನ ಎರಕ ತಪ್ಪುತ್ತಾ ಅತ್ತಿಗೆ? ಅದು ಇದ್ದಿದ್ದೇ ಹಂಗೆ," ಎಂದ ಜಂಬದಿಂದ.

ಬಾಲವೂ ಕಾಣದವನಿಗೆ ಕಿವಿ ಹೇಗೆ ಕಂಡಿತು? ಹೆಣ ತೊಳೆಯುವಾಗ ಗಂಡನ ಬಿಗಿದ ಮುಷ್ಟಿ ಬಿಡಿಸಿದವಳು ಅವಳು. ಅವನ ಕೊಡಲಿಯೇಟಿಗೆ ತುಂಡಾದ ಹಂದಿಕಿವಿಯ ಚೂರು ಅದರೊಳಗಿತ್ತು. ಯಾರಿಗೂ ತೋರಿಸದೆ ಅವನ ಜೊತೆಗೇ ಮಣ್ಣು ಮಾಡಿಸಿದ್ದಳು.

"ಎಲ್ಲಿದ್ಯೋ ಅವತ್ತು? ಬೊಗಳು!" ಜುಟ್ಟು ಹಿಡಿದು ಅವನ ಮುಖವನ್ನು ಅಚ್ಚಿನ ಚೂರುಗಳ ಮೇಲೆ ಕುಟ್ಟಿದಳು. ಮೂಗೊಡೆದು ರಕ್ತ ಚಿಮ್ಮಿತು.

"ಮರದ ಮೇಲಿದ್ದೆ ಅತ್ತಿಗೆ... ಅಣ್ಣ ನನ್ನ ಹೆಸರು ಹಿಡಿದು ಕೂಗ್ದ. ಇಳಿಯೋಕೆ ಕಾಲೇ ಬರ್ಲಿಲ್ಲ."

"ಅವನು ಸಾಯ್ತಿದ್ರೆ ನೀನು ಹಂದಿ ಕೂದಲು ಎಣಿಸ್ತಿದ್ಯಾ, ಹೇಡಿ ನನ್ಮಗನೆ!"

ಹಂದಿಯನ್ನು ಬಡಿಗಲ್ಲಿನ ಮೇಲೆ ಕುಕ್ಕಿ ಸುತ್ತಿಗೆ ಎತ್ತಿದಳು.

"ಬೇಡ ಅತ್ತಿಗೆ! ಇಂಥದ್ದು ಇನ್ನೊಂದು ನನ್ ಕೈಲಾಗಲ್ಲ!" ಲಖ್ಮು ಹಾರಿಬಂದು ಬಲಗೈಯಿಂದ ಹಂದಿಯನ್ನು ಮುಚ್ಚಿದ.

ಅವಳು ಆ ಕೈಯನ್ನೇ ನೋಡಿದಳು. ಒಡಹುಟ್ಟಿದವನು ಕೂಗಿದಾಗ ಕೊಂಬೆ ಬಿಡದ ಕೈ, ಹಿತ್ತಾಳೆಗೆ ಎಷ್ಟು ಬೇಗ ಬಂತು!

ತೆಗಿ ಅನ್ನಲಿಲ್ಲ ಅವಳು. ಹೊಡೆದಳು. ಎಲುಬು ಮುರಿಯುವವರೆಗೂ ಹೊಡೆದಳು, ಮುರಿದ ಮೇಲೂ ಹೊಡೆದಳು. ಲಖ್ಮು ಕಿರುಚುತ್ತಲೇ ಇದ್ದ, ಕೈ ಮಾತ್ರ ತೆಗೆಯಲಿಲ್ಲ.