ಎಡಗಂಬದ ಬುಡದ ಭಂಡಾರ

ಇದನ್ನು ಬರೆಯುವ ಅಧಿಕಾರ ನನಗಿದೆಯೋ ಇಲ್ಲವೋ ಗೊತ್ತಿಲ್ಲ. ತಪ್ಪಾದರೆ ಓದುವವರು ಮನ್ನಿಸಬೇಕು. ನಾನು ಹಾಕಿ ಆಟ ಆಡಿದವನಲ್ಲ. ಮೂಡಲಗಿಯಲ್ಲಿ ನೀರೆತ್ತುವ ಮೋಟರುಗಳಿಗೆ ತಂತಿ ಸುತ್ತುವ ಅಂಗಡಿ ನನ್ನದು. ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದೇನೆ, ಅದೂ ತಡವಾಗಿ. ಒಬ್ಬ ಹುಡುಗನ ಹೆಸರಿನ ಪ್ರಶ್ನೆ ಇದರಲ್ಲಿ ಇರುವುದರಿಂದ ಬರೆಯಲು ಕೈ ಹಿಂಜರಿಯುತ್ತದೆ. ಆದರೆ ಗೋಕಾಕದ ಚಹಾ ಅಂಗಡಿಗಳಲ್ಲಿ ಈಗಾಗಲೇ ಆಡುತ್ತಿರುವ ಮಾತು ಇದಕ್ಕಿಂತ ಕೆಟ್ಟದಾಗಿದೆ. ಕಂಡದ್ದನ್ನು ಕಂಡಷ್ಟೇ ಹೇಳಿಬಿಡುವುದು ಮೇಲು ಅನಿಸಿತು.

ಆಟಗಾರರಿಗೆ ಪಗಾರ ಕೊಟ್ಟು ಆಡಿಸುವ ಲೀಗಿನಲ್ಲಿ ಘಟಪ್ರಭಾ ಹಾಕಿ ತಂಡ ನಮ್ಮ ಭಾಗದ್ದು. ಸೇರಿದ ವರ್ಷದಿಂದ ಅದು ಪಟ್ಟಿಯ ತಳದಲ್ಲೇ ಇದೆ. ಗೋಕಾಕದ ಹೊರಗಿನ ಕೃತಕ ಹುಲ್ಲಿನ ನೀಲಿ ಟರ್ಫಿನಲ್ಲಿ ತವರಿನ ಪಂದ್ಯಗಳು ನಡೆಯುತ್ತವೆ. ಹೊರಗಿನಿಂದ ಬಂದವರು ಒಮ್ಮೆ ನಮ್ಮನ್ನು ಕಿಚಾಯಿಸಿದರು: "ಗೋಕಾಕ ಫಾಲ್ಸ್ ಮಳಿಗಾಲದಾಗ ಅಷ್ಟ ಬೀಳ್ತೈತ್ರಿ. ನಿಮ್ಮ ಟೀಮ್ ಬ್ಯಾಸಿಗ್ಯಾಗೂ ಬೀಳಾಕತ್ತೈತಿ." ಆ ದಿನ ನಾನು ಊಟ ಮಾಡಲಿಲ್ಲ. ಗೆಲ್ಲುವ ತಂಡವನ್ನು ಯಾರಾದರೂ ನೋಡಿಕೊಳ್ಳುತ್ತಾರೆ, ಸೋಲುವ ತಂಡಕ್ಕೆ ನಾವು ಹೋಗದಿದ್ದರೆ ಇನ್ಯಾರು ಹೋಗುತ್ತಾರೆ ಅನ್ನುವ ಚಿಂತೆ ನನ್ನದು.

ಟರ್ಫಿನ ಪಡುವಣ ತುದಿಯಲ್ಲಿ, ಗೋಲಿನ ಹಿಂದೆ, ತಂತಿಬೇಲಿಗೆ ಒತ್ತಿ ನಾವು ನಾಲ್ಕು ಮಂದಿ ಕೂರುತ್ತಿದ್ದೆವು. ಅಂಕಲಗಿಯ ಕರೆಪ್ಪಕಾಕಾ ನಮ್ಮಲ್ಲಿ ಹಿರಿಯ. ಕುರಿ ಕಾಯ್ದು ಬೆಳೆದವನು, ಈಗ ಕುರಿಗಳನ್ನು ಮಗನಿಗೆ ಬಿಟ್ಟು, ಹಾಕಿ ಆಟ ನೋಡಲು ಬರುತ್ತಾನೆ. ಹುಕ್ಕೇರಿಯ ಸಾಲೆಯೊಂದರ ಆಟದ ಟೀಚರು ಅರ್ಚನಾ. ಅದೇ ಹುಕ್ಕೇರಿಯ ಸ್ವಪ್ನಿಲ್ ಕಳೆದ ವರ್ಷ ಹೊಸದಾಗಿ ಸೇರಿದವನು, ಕೈಯಲ್ಲಿ ಸದಾ ಮೊಬೈಲು. ನಾನು ಪ್ರತಿ ಪಂದ್ಯಕ್ಕೂ ಒಂದು ಡಬ್ಬಿ ಕರದಂಟು ಒಯ್ಯುತ್ತಿದ್ದೆ, ಗೆದ್ದರೆ ಆಟಗಾರರಿಗೆ ಹಂಚಲು. ಆ ಡಬ್ಬಿಗಳು ಬಹುಪಾಲು ಮುಚ್ಚಿದ ಹಾಗೆಯೇ ಮೂಡಲಗಿಗೆ ವಾಪಸು ಬಂದವು.

ನಮ್ಮ ಗೋಲ್‌ಕೀಪರ್ ಸಿದ್ರಾಯ, ಹುಕ್ಕೇರಿ ತಾಲೂಕಿನ ಘೋಡಗೇರಿಯವನು. ಅವನದೂ ಕುರಿಗಾರರ ಮನೆ. ತಂಡದಲ್ಲಿ ನಮ್ಮ ಮಣ್ಣಿನ ಹುಡುಗ ಅವನೊಬ್ಬನೇ. ಅವನು ಗೋಲು ತಡೆದಾಗ ಕರೆಪ್ಪಕಾಕಾ ಟವೆಲ್ ಬೀಸಿ ಕೂಗುತ್ತಿದ್ದ: "ಹಟ್ಟಿ ಬಾಗಲಾ ಹಾಕ್ಯಾನ ನೋಡ್ರೋ."

ನನಗೆ ಸಂಶಯ ಬಂದದ್ದು ಹೀಗೆ. ಹಾಕಿಯಲ್ಲಿ ಅರ್ಧ ಆಟ ಮುಗಿದ ಮೇಲೆ ತಂಡಗಳು ತುದಿ ಬದಲಿಸುತ್ತವೆ. ಮೊದಲರ್ಧದಲ್ಲಿ ದೂರದ ಮೂಡಣ ತುದಿಯಲ್ಲಿ ನಿಂತಾಗ ಸಿದ್ರಾಯ ಗೋಡೆಯಂತೆ ನಿಲ್ಲುತ್ತಿದ್ದ. ಎರಡನೇ ಅರ್ಧದಲ್ಲಿ ನಮ್ಮ ಮುಂದಿನ ಗೋಲಿಗೆ ಬಂದನೆಂದರೆ ಚೆಂಡು ಒಳಗೆ ಹೋಗುತ್ತಿತ್ತು. ಅದೂ ಪ್ರತಿ ಸಲ ಅವನ ಎಡಗಂಬದ ಪಕ್ಕದಿಂದ. ನಮ್ಮ ಮುಂದೆ ಬಂದಾಗ ಗಾಬರಿಯಾಗುತ್ತಾನೆ ಎಂದು ಮೊದಲು ಅಂದುಕೊಂಡೆ. ಆಮೇಲೆ ಒಂದು ಪಂದ್ಯವನ್ನು ಮೊಬೈಲಿನಲ್ಲಿ ಹಿಡಿದು, ಅಂಗಡಿಯಲ್ಲಿ ಕೂತು ನಿಧಾನವಾಗಿ ಓಡಿಸಿ ನೋಡಿದೆ. ಚೆಂಡು ಬರುವ ಮೊದಲೇ ಅವನು ಎಡಗಾಲು ಎತ್ತುತ್ತಾನೆ. ಎತ್ತಿದ್ದನ್ನು ಊರುವುದಿಲ್ಲ. ಕಾಲು ಗಾಳಿಯಲ್ಲಿ ನಿಂತಿರುವಾಗ ಚೆಂಡು ಅದರ ಕೆಳಗಿನಿಂದ ಹೋಗುತ್ತದೆ.

ಇನ್ನೊಂದು ಸಂಗತಿಯೂ ಆ ವಿಡಿಯೋದಲ್ಲಿತ್ತು. ಎರಡನೇ ಅರ್ಧ ಶುರುವಾದ ಮೇಲೆ ಸ್ವಪ್ನಿಲ್ ಎದ್ದು, ಮೊಬೈಲನ್ನು ಕಿವಿಗಿಟ್ಟು, ಬಾಯಿಗೆ ಕೈ ಅಡ್ಡ ಹಿಡಿದು, ಸರಿಯಾಗಿ ಗೋಲಿನ ಹಿಂದೆ ಹೋಗಿ ನಿಲ್ಲುತ್ತಾನೆ. ಪ್ರತಿ ಪಂದ್ಯದಲ್ಲೂ ಹಾಗೆ ಮಾಡುತ್ತಿದ್ದ ಎಂದು ನೆನಪಾಯಿತು. ಕೇಳಿದರೆ "ಮನಿಯಿಂದ ಫೋನ್ರಿ" ಎನ್ನುತ್ತಿದ್ದ. ಮನೆಯವರಿಗೆ ಎರಡನೇ ಅರ್ಧದಲ್ಲೇ ಇವನು ನೆನಪಾಗುವುದೇಕೆ? ಗೋಲು ಬಿಡು ಎಂದು ಕೀಪರ್‌ಗೆ ಸನ್ನೆ ಮಾಡುತ್ತಿದ್ದನೇ?

ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ಹುಕ್ಕೇರಿ ಬಸ್ಸಿಗೆ ಕಾಯುತ್ತಿದ್ದ ಅರ್ಚನಾಗೆ ಆ ವಿಡಿಯೋ ತೋರಿಸಿದೆ.

"ಯಾರ ಮುಂದೂ ಹೇಳಬ್ಯಾಡ್ರಿ, ಟೀಚರ."

"ಹಂಗಂದ್ರ ಹೇಳೂವಂಥಾದ್ದು ಏನೋ ಐತಿ ಅಂತಾತು. ತೋರಸ್ರಿ." ಅವಳು ನೋಡಿದಳು, ಇನ್ನೊಮ್ಮೆ ನೋಡಿದಳು. "ಕಾಲ ಯಾಕ ಎತ್ತಿ ನಿಂತಾನ ಇವ? ಕೊಕ್ಕರಿ ನಿಂತಂಗ."

"ಅದನ್ನ ನಾನೂ ಕೇಳಾಕತ್ತೇನಿ. ಸೋಲಾಕ ಯಾರರ ಅವಂಗ ರೊಕ್ಕಾ ಕೊಟ್ಟಾರೇನೋ ಅಂತ."

ಅವಳು ಮೊಬೈಲು ವಾಪಸು ಕೊಟ್ಟಳು. "ಕಲ್ಲಪ್ಪಣ್ಣ, ಮೋಟರ್ ಸುಟ್ಟೈತಿ ಅಂತ ಬಿಚ್ಚಿ ನೋಡಿ ಹೇಳ್ತೀರೋ, ವಾಸನಿ ಮ್ಯಾಲ ಹೇಳ್ತೀರೋ?"

"ವಾಸನಿ ಮ್ಯಾಲ ಗೊತ್ತಾಗ್ತೈತ್ರಿ."

"ಗೊತ್ತಾಗ್ಲಿ. ಬಿಲ್ಲ ಮಾತ್ರ ಬಿಚ್ಚಿದ ಮ್ಯಾಲ ಹಾಕ್ತೀರಲ್ಲ?" ಆಮೇಲೆ ಧ್ವನಿ ತಗ್ಗಿಸಿದಳು. "ಇನ್ನೊಂದ ಮ್ಯಾಚ್ ಉಳದೈತಿ. ಅದಾದ ಮ್ಯಾಲ ಯಾರನ್ನ ಇಟ್ಕೋಬೇಕು, ಯಾರನ್ನ ಬಿಡಬೇಕು ಅಂತ ಮ್ಯಾನೇಜರ್ ನೋಡ್ತಾರ. ಈ ಮಾತ ಅವರ ಕಿವಿಗೆ ಬಿತ್ತಂದ್ರ ಸಿದ್ರಾಯಗ ಇಲ್ಲಿ ಅಷ್ಟ ಅಲ್ಲ, ಯಾವ ಟೀಮಿನ್ಯಾಗೂ ಜಾಗಾ ಸಿಗಂಗಿಲ್ಲ. ನೆನಪಿರ್ಲಿ."

ನೆನಪಿತ್ತು. ಅದಕ್ಕೇ ಮುಂದಿನ ರವಿವಾರ ಘೋಡಗೇರಿಗೆ ಹೋದೆ. ಮುಚ್ಚಿದ ಕರದಂಟಿನ ಡಬ್ಬಿ ಕೈಯಲ್ಲಿತ್ತು, ನೆಪಕ್ಕೆ. ಹೋಗುವಾಗ ದಾರಿಯುದ್ದಕ್ಕೂ ನನಗೆ ನಾನೇ ಪೊಲೀಸನಂತೆ ಕಂಡೆ.

ಸಿದ್ರಾಯನ ತಾಯಿ ರಾಮವ್ವ ಬಾಗಿಲಲ್ಲೇ ಕೈಹಿಡಿದು ಒಳಗೆ ಕರೆದಳು. "ಬಾರಪಾ. ನನ್ನ ಮಗನ ಆಟಾ ನೋಡಾಕ ಮೂಡಲಗಿಯಿಂದ ಬರಾಂವ ನೀನ ಏನು? ಮತ್ತ ಅಂವ ಸೋತ ಸೋತ ಬರ್ತಾನಲ್ಲೋ."

"ಹನ್ನೊಂದ ಮಂದಿ ಸೋಲ್ತಾರ ಅವ್ವಾ, ಅಂವ ಒಬ್ಬಾಂವ ಅಲ್ಲ," ಎಂದೆ. ಹಾಗೆ ಅಂದದ್ದು ನಿಜವೋ ನಯವೋ ಎಂದು ಕೂತಲ್ಲೇ ಯೋಚನೆ ಹತ್ತಿತು. ಮನೆಯಲ್ಲಿ ಹೊಸ ಸಾಮಾನು ಏನಾದರೂ ಇದೆಯೇ ಎಂದು ಕಣ್ಣು ತಾನಾಗಿ ಹುಡುಕುತ್ತಿತ್ತು. ಹೊಸ ಫ್ರಿಜ್ಜೊಂದು ಇತ್ತು. ಪಗಾರ ಬರುವ ಮನೆಯಲ್ಲಿ ಫ್ರಿಜ್ಜು ಇರಬಾರದೇ?

ಚಹಾ ಆದ ಮೇಲೆ ರಾಮವ್ವ ಕುರಿಗಾರರ ದೈವ ಬೀರಪ್ಪನನ್ನು ಇಟ್ಟು ಪೂಜಿಸುವ ಜಗುಲಿಯಿಂದ ಭಂಡಾರ ತಂದು ನನ್ನ ಹಣೆಗೆ ಹಚ್ಚಿದಳು. ಅರಿಶಿನದ ಆ ಪುಡಿ ದೇವರದು. ಒಂದು ಚಿಟಿಕೆಯಷ್ಟು ಹೊಸ್ತಿಲ ಮುಂದೆ ಉದುರಿತು. ಅದೇ ಹೊತ್ತಿಗೆ ಸಿದ್ರಾಯ ಹೆಗಲ ಮೇಲೆ ಮೇವಿನ ಹೊರೆ ಹೊತ್ತು ಹೊರಗಿನಿಂದ ಬಂದ. ಕಾಲಲ್ಲಿ ಚಪ್ಪಲಿ ಇತ್ತು. ಎಡಗಾಲನ್ನು ಹೊಸ್ತಿಲಿಗೆ ಎತ್ತಿದವನು ಊರಲಿಲ್ಲ. ಕಾಲು ಗಾಳಿಯಲ್ಲೇ ನಿಂತಿತು. ಹಿಂದೆ ಸರಿದು, ಹೊರೆ ಇಳಿಸಿ, ಚಪ್ಪಲಿ ದೂರ ಬಿಟ್ಟು ಬಂದು, ಬಿದ್ದ ಭಂಡಾರವನ್ನು ಬೆರಳಿನಿಂದ ಬಳಿದು ತನ್ನ ಹಣೆಗೆ ಒತ್ತಿಕೊಂಡ.

ನನಗೆ ಎಡಗಂಬ ನೆನಪಾಯಿತು. ಏಕೆಂದರೆ ಕರೆಪ್ಪಕಾಕಾ ಪ್ರತಿ ಪಂದ್ಯದ ನಡುವಿನ ಬಿಡುವಿನಲ್ಲಿ ಒಂದು ಕೆಲಸ ಮಾಡುತ್ತಿದ್ದ. ನಮ್ಮ ಬೇಲಿಯ ಗೇಟು ಗೋಲಿನ ಎಡಗಂಬದ ಹತ್ತಿರವೇ ಇದೆ. ಸೊಂಟದ ಗಂಟಿನಿಂದ ಒಂದು ಹಿಡಿ ಭಂಡಾರ ತೆಗೆದು, ಗೇಟು ದಾಟಿ, "ಕಾಯೋ ನನ್ನಪ್ಪ ಬೀರಪ್ಪ" ಎಂದು ಆ ಕಂಬದ ಬುಡಕ್ಕೆ ಚೆಲ್ಲಿ ಬರುತ್ತಿದ್ದ. ಅಂಪೈರ್ ಕಂಡೂ ಕಾಣದ ಹಾಗಿರುತ್ತಿದ್ದ. ನೀರು ಚಿಮುಕಿಸಿದ ಹಸಿ ಟರ್ಫಿಗೆ ಅದು ಅಂಟಿಕೊಳ್ಳುತ್ತಿತ್ತು. ಅಲ್ಲಿಯೇ ಸಿದ್ರಾಯ ಬಂದು ನಿಲ್ಲಬೇಕಿತ್ತು, ಕಾಲಿಗೆ ಕೀಪರ್‌ನ ದಪ್ಪ ಪಾದರಕ್ಷೆ ಕಟ್ಟಿಕೊಂಡು.

ಅವನನ್ನು ಹಟ್ಟಿಯ ಕಡೆ ಕರೆದೊಯ್ದು ಕೇಳಿದೆ. "ಸಿದ್ರಾಯಾ, ಎಡಗಂಬದ ಹಂತ್ಯಾಕ ನೀ ಕಾಲ ಊರೂದಿಲ್ಲ. ಕಾಕಾ ಹಾಕೂ ಭಂಡಾರದ ಸಂಬಂಧ ಏನು?"

ಅವನು ಒಂದು ಮರಿಯನ್ನು ಎತ್ತಿ ಈಚೆ ಬಿಟ್ಟ. ನನ್ನ ಮುಖ ನೋಡಿದ. ಆಮೇಲೆ ನಕ್ಕ.

"ಹಂಗ ತಿಳ್ಕೊರಿ ಅಣ್ಣಾ."

"ಹಂಗ ತಿಳ್ಕೊರಿ ಅಂದ್ರ? ಹೌದೋ ಅಲ್ಲೋ?"

"ಕಾಕಾ ದೇವರ ಹೆಸರಿಲೆ ಹಾಕ್ತಾನ. ಹಾಕಬ್ಯಾಡ ಅಂತ ನಾ ಹ್ಯಾಂಗ ಅನ್ಲಿ?"

ಬಸ್ಸಿನಲ್ಲಿ ಕೂತ ಮೇಲೆ ಆ ನಗು ನನ್ನನ್ನು ಕಾಡತೊಡಗಿತು. ಅವನು ತಾನಾಗಿ ಏನನ್ನೂ ಹೇಳಿರಲಿಲ್ಲ. ಕಾರಣವನ್ನು ಕೈಯಾರೆ ಒಯ್ದು ಕೊಟ್ಟವನು ನಾನು. ಅವನು ತೆಗೆದುಕೊಂಡ, ಅಷ್ಟೇ. ನಿಜವಾಗಿದ್ದರೆ ಹಾಗೆ ನಗುತ್ತಿದ್ದನೇ? ಸುಳ್ಳಾಗಿದ್ದರೆ ಹೊಸ್ತಿಲಲ್ಲಿ ಕಾಲು ಹಾಗೆ ನಿಲ್ಲುತ್ತಿತ್ತೇ?

ಪರೀಕ್ಷಿಸಲು ಒಂದೇ ದಾರಿ ಇತ್ತು. ಕೊನೆಯ ಪಂದ್ಯದ ದಿನ ಬೇಗ ಹೋಗಿ ಕರೆಪ್ಪಕಾಕಾನನ್ನು ಹಿಡಿದೆ. ಅರ್ಚನಾ ಪಕ್ಕದಲ್ಲಿದ್ದಳು. ಸುತ್ತುಬಳಸಿ ಹೇಳಲು ನೋಡಿದೆ, ಆಗಲಿಲ್ಲ, ನೇರವಾಗಿ ಹೇಳಿದೆ.

ಕಾಕಾ ಟರ್ಫಿನ ಕಡೆ ತಿರುಗಿದ. "ಜಾತ್ರ್ಯಾಗ ಮಣಕಾಲತನಕ ಭಂಡಾರ ತುಳ್ಕೋತ ಹೋಗ್ತೇವಲ್ಲೋ ತಮ್ಮಾ. ಅದರಾಗ ಏನ ಪಾಪ?"

"ಅಲ್ಲಿ ಬರಿಗಾಲಿಲೆ ಹೋಗ್ತೇವಿ ಕಾಕಾ," ಎಂದಳು ಅರ್ಚನಾ.

ಅವನು ತನ್ನ ಚಪ್ಪಲಿ ನೋಡಿಕೊಂಡ. "ಅಂದ್ರ ಇಷ್ಟ ದಿನಾ ಆ ಗೋಲೆಲ್ಲಾ ನನ್ನ ಕೈಲೇ ಆದ್ವಂತೀ."

"ಹಂಗಲ್ಲ ಕಾಕಾ."

"ಮತ್ತ ಹ್ಯಾಂಗ? ಅಂವ ತಾನಾಗಿ ಹೇಳಿದ್ನೋ, ನೀ ಕೇಳಿದ್ದಕ್ಕ ಹೂಂ ಅಂದ್ನೋ?"

ನನ್ನ ಹೆದರಿಕೆಯನ್ನೇ ಕಾಕಾ ಬಾಯಿಬಿಟ್ಟು ಕೇಳಿದ್ದ. ಅವನು ಭಂಡಾರದ ಗಂಟಿಗೆ ಇನ್ನೊಂದು ಗಂಟು ಬಿಗಿದು ಸೊಂಟಕ್ಕೆ ಸಿಕ್ಕಿಸಿದ. "ಇವತ್ತ ಹಾಕಂಗಿಲ್ಲ. ನೋಡೂಣು," ಎಂದ.

ಎರಡನೇ ಅರ್ಧ ಶುರುವಾಯಿತು. ಸಿದ್ರಾಯ ನಮ್ಮ ತುದಿಗೆ ಬಂದ. ಕಂಬದ ಬುಡವನ್ನು ಒಮ್ಮೆ ನೋಡಿದ, ತಿರುಗಿ ನಮ್ಮ ಕಡೆಯೂ ನೋಡಿದ. ಮುಖಕ್ಕೆ ಜಾಲರಿ ಇತ್ತು, ಏನೂ ತಿಳಿಯಲಿಲ್ಲ. ಆದರೆ ಆಟ ತಿಳಿಯಿತು. ಎಡಗಂಬದತ್ತ ಬಂದ ಚೆಂಡನ್ನು ಕಾಲು ಊರಿ ಒದ್ದ. ಮತ್ತೊಂದು ಬಂತು, ಅದನ್ನೂ ಒದ್ದ. ಎರಡೂ ತಂಡಗಳದ್ದು ಒಂದೊಂದು ಗೋಲಾಗಿತ್ತು, ಸಮಬಲದಲ್ಲಿ ಆಟ ಸಾಗಿತು. ನಾನು ಕರದಂಟಿನ ಡಬ್ಬಿಯ ದಾರ ಬಿಚ್ಚಿದೆ. ಕರೆಪ್ಪಕಾಕಾ ಕೂಗಲಿಲ್ಲ, ಟವೆಲ್ ಬೀಸಲಿಲ್ಲ. ಬೇಲಿಯ ತಂತಿ ಹಿಡಿದು ನಿಂತಿದ್ದ.

ಆಟ ಮುಗಿಯುತ್ತ ಬಂದಾಗ ಎದುರಿನವರಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಸಿದ್ರಾಯ ಗೆರೆಯ ಮೇಲೆ ಸಜ್ಜಾದ. ಆಗ ಸ್ವಪ್ನಿಲ್ ಎದ್ದ. ಮೊಬೈಲು ಕಿವಿಗಿಟ್ಟ, ಬಾಯಿಗೆ ಕೈ ಅಡ್ಡ ಹಿಡಿದ, ಬೇಲಿಯುದ್ದಕ್ಕೂ ಗೋಲಿನ ಹಿಂದೆ ನಡೆದ. ನಾನು ಅವನನ್ನೇ ನೋಡಿದೆ. ಇನ್ನೊಂದು ಕೈ ಎತ್ತುತ್ತಾನೋ, ಬೆರಳು ತೋರಿಸುತ್ತಾನೋ ಎಂದು ಕಣ್ಣು ಕೀಳಲಿಲ್ಲ. ಅವನು "ಹೂಂ, ಹೂಂ, ಬರ್ತೇನಿ" ಎಂದದ್ದು ಕೇಳಿಸಿತು. ಅಷ್ಟರಲ್ಲಿ ಗೋಲಿನೊಳಗಿನ ಹಲಗೆಗೆ ಚೆಂಡು ಬಡಿದ ಸದ್ದಾಯಿತು.

ತಿರುಗಿ ನೋಡಿದೆ. ಚೆಂಡು ಎಡಗಂಬದ ಒಳಗಿತ್ತು. ಸಿದ್ರಾಯ ಮೊಣಕಾಲೂರಿ ಕೂತಿದ್ದ. ಬೇಲಿಯ ಗೇಟು ತೆರೆದಿತ್ತು. ಕರೆಪ್ಪಕಾಕಾ ಅದರ ಪಕ್ಕದಲ್ಲಿ ನಿಂತಿದ್ದ, ಬೆರಳುಗಳು ಹಳದಿಯಾಗಿದ್ದವು. ಹಣೆಯೂ ಹಳದಿಯಾಗಿತ್ತು.

"ಕಂಡ್ರೇನು ಟೀಚರ?" ಎಂದು ಅರ್ಚನಾಳನ್ನು ಕೇಳಿದೆ.

"ಕಣ್ಣ ಮುಚ್ಕೊಂಡಿದ್ದೆ," ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು.

ಆಟ ಮುಗಿದ ಮೇಲೆ ಎಡಗಂಬದ ಬುಡಕ್ಕೆ ಹೋಗಿ ಬಗ್ಗಿ ನೋಡಿದೆ. ಹಳದಿ ಇತ್ತು. ಆದರೆ ಹಿಂದಿನ ಪಂದ್ಯಗಳ ಹಳದಿ ಕಲೆಯೂ ಆ ಟರ್ಫಿನಿಂದ ಹೋಗಿರಲಿಲ್ಲ. ಹಳೆಯದು ಯಾವುದು, ಹೊಸದು ಯಾವುದು ಎಂದು ತಿಳಿಯುವ ಮೊದಲೇ ಗೆದ್ದವರು ಕುಣಿಯುತ್ತ ಬಂದು ಎಲ್ಲವನ್ನೂ ತುಳಿದರು.

ಕರೆಪ್ಪಕಾಕಾನನ್ನು ಕೇಳಿದೆ.

"ನಾ ಹಾಕಿಲ್ಲ, ನನ್ನ ಹಣಿಗೆ ಹಚ್ಕೊಂಡೇನಿ ಅಂದ್ರ ನಂಬ್ತೀ?"

"ನಂಬ್ತೇನಿ ಕಾಕಾ."

"ಹಂಗಾರ ಕೇಳಿದ್ಯಾಕ?"

ಕಂಬಳಿ ಹೆಗಲಿಗೇರಿಸಿ ಅವನು ಬಸ್ಸಿಗೆ ಹೋದ.

ಹೊರಡುವ ಮೊದಲು ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದರು. ಮಾತು ಅವರ ಕಿವಿಗೆ ಆಗಲೇ ಬಿದ್ದಿತ್ತು. ಯಾರು ಹಾಕಿದರೋ ತಿಳಿಯದು. ಲಂಚದ ಸಂಶಯವನ್ನು ನಾನಂತೂ ಅರ್ಚನಾಳಿಗಲ್ಲದೆ ಯಾರಿಗೂ ಹೇಳಿರಲಿಲ್ಲ, ಅವಳು ಹೇಳುವವಳಲ್ಲ ಎಂದು ನಂಬಿದ್ದೇನೆ. "ನೀವು ಅವನ ಬೆನ್ನ ಹಿಂದ ಕುಂದರಾವರು. ಖರೆ ಹೇಳ್ರಿ. ಹುಡುಗ ಬೇಕಂತ ಬಿಟ್ನೇನು?"

ಹೊಸ್ತಿಲಿನ ಸಂಗತಿ, ಭಂಡಾರದ ಸಂಗತಿ ಎಲ್ಲವನ್ನೂ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು.

"ಇರ್ಲಿ. ಇವತ್ತ ಕಡೀ ಗೋಲಿನ್ಯಾಗ ಅಲ್ಲಿ ಭಂಡಾರ ಇತ್ತೋ ಇಲ್ಲೋ?"

"ಗೊತ್ತಿಲ್ರಿ. ನಾ ಆಗ ಬ್ಯಾರೆ ಕಡೆ ನೋಡಾಕತ್ತಿದ್ದೆ."

"ವರ್ಷಾನುಗಟ್ಟಲೆ ನೋಡಾಕ ಬಂದ್ರಿ, ಆ ಒಂದ ಗೋಲ ನೋಡಲಿಲ್ಲ," ಎಂದರು. ನನ್ನನ್ನೂ ಅವರು ಸಂಶಯದಿಂದಲೇ ನೋಡಿದರು. ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಹೊಸ ವರ್ಷದ ತಂಡದಲ್ಲಿ ಸಿದ್ರಾಯನ ಹೆಸರಿಲ್ಲ. ಈಗ ಹುಕ್ಕೇರಿ ಸಂತೆಗೆ ಕುರಿ ತರುತ್ತಾನೆ. ಅಲ್ಲಿ ಒಮ್ಮೆ ಎದುರಾದಾಗ "ಟೀಮ್ ಹ್ಯಾಂಗೈತಿ ಅಣ್ಣಾ?" ಎಂದು ಅದೇ ನಗು ನಕ್ಕ. ಸೋಲುತ್ತಿದೆ ಎಂದೆ. ಸ್ವಪ್ನಿಲ್ ಈ ವರ್ಷ ಬಂದಿಲ್ಲ. ಕರೆಪ್ಪಕಾಕಾ ಬರುತ್ತಾನೆ, ಬೇಲಿಯಿಂದ ದೂರ ಕೂರುತ್ತಾನೆ. ಹೊಸ ಕೀಪರ್ ಬೇರೆ ಊರಿನವನು. ಅವನಿಗೂ ಚೆಂಡು ಎಡಗಂಬದ ಪಕ್ಕದಿಂದ ಹೋಗುತ್ತದೆ, ಬಲದಿಂದಲೂ ಹೋಗುತ್ತದೆ.

ಸ್ವಪ್ನಿಲ್ ಯಾರ ಜೊತೆ ಮಾತಾಡುತ್ತಿದ್ದ, ನನಗೆ ಗೊತ್ತಿಲ್ಲ. ಆ ಕೊನೆಯ ಗೋಲಿನ ಹೊತ್ತಿಗೆ ಕಂಬದ ಬುಡದಲ್ಲಿ ಭಂಡಾರ ಬಿದ್ದಿತ್ತೋ ಇಲ್ಲವೋ ಗೊತ್ತಿಲ್ಲ. ಸಿದ್ರಾಯ ಆಗ ಕಾಲು ಎತ್ತಿ ನಿಂತನೋ, ಊರಿಯೂ ಚೆಂಡು ತಪ್ಪಿತೋ, ಅದೂ ಗೊತ್ತಿಲ್ಲ.