ಇಟ್ಟಿಗೆಗೆಂಪು ಕಣಿವೆ

ಶಾಲೆಗಳಿಗೆ ಭೂಗೋಳ ಮಾಡಿಕೊಡುವ ಆ ಕಾರ್ಖಾನೆಗೆ ಯುದ್ಧ ಮುಗಿದ ಮೇಲೆ ಕೈತುಂಬ ಕೆಲಸ ಬಂತು. ಬರದೆ ಏನು? ಎಷ್ಟೋ ದೇಶಗಳು ಇಲ್ಲವಾಗಿದ್ದವು, ಕೆಲವು ಹೊಸದಾಗಿ ಹುಟ್ಟಿದ್ದವು. ಹಳೆಯ ಗೋಳ ಇಟ್ಟುಕೊಂಡು ಪಾಠ ಮಾಡುವಂತಿರಲಿಲ್ಲ.

ಕಾರ್ಖಾನೆ ಎಂದರೆ ಮನೆಯ ಹಿಂಬದಿಯ ಉದ್ದನೆಯ ಕೋಣೆ ಅಷ್ಟೇ. ಕೆಲಸಕ್ಕೆ ಮೂವರು: ಯಜಮಾನರು, ಅವರ ಸೊಸೆ, ಮತ್ತು ಎಲ್ಲರೂ ವಾರ್ನಿಷ್ ಅಕ್ಕ ಎಂದು ಕರೆಯುತ್ತಿದ್ದ ವಯಸ್ಸಾದ ಹೆಂಗಸು. ಯಜಮಾನರ ಮಗ, ಅಂದರೆ ಸೊಸೆಯ ಗಂಡ, ಯುದ್ಧದಲ್ಲಿ ಸತ್ತಿದ್ದ. ಕೆಲಸದ ಹೊತ್ತಿನಲ್ಲಿ ಅವನು ಹಾಕಿಕೊಳ್ಳುತ್ತಿದ್ದ ಹಳೆ ಅಂಗಿ ಇನ್ನೂ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಅದನ್ನು ಯಾರೂ ತೆಗೆಯಲಿಲ್ಲ.

ಮಾವ ಅರೆದ ಕಾಗದದಿಂದ ಟೊಳ್ಳು ಚೆಂಡು ಮಾಡಿ, ಸುಣ್ಣ ಮೆತ್ತಿ, ಉಜ್ಜಿ ನುಣುಪು ಮಾಡುತ್ತಿದ್ದರು. ಮುದ್ರಣಾಲಯದಿಂದ ಬರುವ ನಕ್ಷೆಯನ್ನು ಪಟ್ಟಿಗಳಾಗಿ ಕತ್ತರಿಸಿಕೊಳ್ಳಬೇಕು. ಒಂದೊಂದು ಪಟ್ಟಿಯೂ ದೋಣಿಯ ಹಾಗೆ, ನಡುವೆ ಅಗಲ, ಎರಡು ತುದಿ ಚೂಪು. ಅಂಟಿನಲ್ಲಿ ನೆನೆಸಿದ ಪಟ್ಟಿಗಳನ್ನು ಚೆಂಡಿನ ಮೇಲೆ ಒಂದರ ಪಕ್ಕ ಒಂದು ಕೂರಿಸಿದರೆ ಭೂಮಿ. ಆಮೇಲೆ ಸೊಸೆ ಬಣ್ಣ ಹಾಕುತ್ತಿದ್ದಳು. ಕೊನೆಗೆ ವಾರ್ನಿಷ್.

"ಇಡೀ ಪ್ರಪಂಚಕ್ಕೆ ಎಣ್ಣೆ ಹಚ್ಚೋಳು ನಾನು, ನನ್ನ ಮೊಣಕಾಲಿಗೆ ಹಚ್ಚೋರು ಯಾರೂ ಇಲ್ಲ ನೋಡು" ಎಂದು ಅಕ್ಕ ದಿನಕ್ಕೊಮ್ಮೆಯಾದರೂ ಹೇಳುವವಳೇ. ಮೊದಲೆಲ್ಲ ಸೊಸೆ ನಗುತ್ತಿದ್ದಳು. ಈಗ ತಲೆಯಾಡಿಸುತ್ತಿದ್ದಳು, ಅಷ್ಟೇ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವಳು ಹೊತ್ತು ಹೋಗಲೆಂದು ಹಿಡಿದ ಕುಂಚ ಈಗ ಹೊಟ್ಟೆಪಾಡಾಗಿತ್ತು.

ಆ ಕಾರ್ಖಾನೆಯಲ್ಲೊಂದು ಪದ್ಧತಿಯಿತ್ತು. ಒದ್ದೆ ಕಾಗದದ ಮೇಲೆ ಗಡಿಯ ಸಣ್ಣ ಗೆರೆಗಳು ಮಸುಕಾಗುತ್ತವೆ. ಹಾಗಾಗಿ ಬಣ್ಣ ಹಾಕುವವರು ಗೆರೆ ನೋಡುತ್ತಿರಲಿಲ್ಲ. ಕಪಾಟಿನ ಮೇಲಿಟ್ಟ ಮಾದರಿ ಗೋಳವನ್ನು ನೋಡಿ ಹಾಕುತ್ತಿದ್ದರು. ಹಳೆಯ ಮಾದರಿ ಗಂಡನ ಕೈಯದು. ಅದಿನ್ನು ಕೆಲಸಕ್ಕೆ ಬಾರದು. ಹೊಸದನ್ನು ಸೊಸೆಯೇ ಮಾಡಬೇಕಾಗಿತ್ತು. ಒಂದು ಬೆಳಿಗ್ಗೆ ಹೊಸ ನಕ್ಷೆಯ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಗೆರೆಗಳನ್ನು ಓದತೊಡಗಿದಳು. ನೋಡಬಾರದೆಂದು ಇಷ್ಟು ದಿನ ಮುಂದೂಡಿದ್ದ ಜಾಗಕ್ಕೆ ಕಣ್ಣು ತಾನಾಗಿ ಹೋಯಿತು.

ಕಣಿವೆ ಪಕ್ಕದ ದೇಶದ ಕಡೆಗಿತ್ತು.

ಗೋಳದ ಮೇಲೆ ಅದು ಉಗುರಿನಷ್ಟು ಜಾಗ. ಹಳೆಯ ಮಾದರಿಯಲ್ಲಿ ಅದಕ್ಕೆ ತಮ್ಮ ದೇಶದ ಇಟ್ಟಿಗೆಗೆಂಪು ಬಣ್ಣವಿತ್ತು. ಮದುವೆಯಾದ ಹೊಸದರಲ್ಲಿ ಅವಳೇ ಗಂಡನನ್ನು ಕೇಳಿದ್ದಳು, "ಇದೇನು, ಕಣಿವೆ ನಮ್ಮದಾಗಿಬಿಟ್ಟಿದೆ?"

"ಒಣಗ್ತಾ ಪಟ್ಟಿ ಕುಗ್ಗಿಬಿಡ್ತು ಕಣೇ. ಪಕ್ಕದ ಪಟ್ಟಿಗೆ ಜೋಡು ಕೂಡಲಿಲ್ಲ, ನಡುವೆ ಸುಣ್ಣ ಇಣುಕ್ತಾ ಇತ್ತು. ಪಕ್ಕದ ದೇಶದ ಹಳದಿ ಹಾಕಿದ್ರೆ ಬಿರುಕು ಕಾಣುತ್ತೆ, ಅದಕ್ಕೆ ಕೆಂಪು ಎಳೆದೆ. ಅಲ್ಲಿರೋದು ನಾಲ್ಕು ಕುರಿ. ಅವೇನು ಬಂದು ಜಗಳ ಆಡ್ತಾವಾ?"

ಅವಳು ನಕ್ಕಿದ್ದಳು. ಗಂಡನ ಕೆಲಸದಲ್ಲಿ ತಪ್ಪು ಹುಡುಕುವ ಓದಿದ ಸೊಸೆ ಅನ್ನಿಸಿಕೊಳ್ಳುವುದು ಯಾರಿಗೆ ಬೇಕಿತ್ತು? ಆ ಮಾದರಿ ನೋಡಿ ಮಾಡಿದ ಗೋಳಗಳು ಶಾಲೆಶಾಲೆಗೆ ಹೋದವು. ಅವುಗಳಲ್ಲಿ ಎಷ್ಟೋ ಕಣಿವೆಗಳಿಗೆ ಅವಳೇ ಕೆಂಪು ಹಾಕಿದ್ದಳು.

ಯುದ್ಧಕ್ಕೆ ಆ ಗೋಳ ಕಾರಣವೆಂದು ಯಾರೂ ಹೇಳಲಾರರು. ಕಲ್ಲಿದ್ದಲು, ಬಂದರುಗಳು, ಒಬ್ಬರ ಬೆನ್ನಿಗೆ ಒಬ್ಬರು ನಿಲ್ಲುತ್ತೇವೆಂದು ದೊಡ್ಡ ದೇಶಗಳು ಗುಟ್ಟಾಗಿ ಕೊಟ್ಟುಕೊಂಡ ಮಾತು. ಪರೀಕ್ಷೆಯಲ್ಲಿ ಕೇಳಿದ್ದರೆ ಅವಳು ಇವನ್ನೇ ಬರೆಯುತ್ತಿದ್ದಳು, ಒಳ್ಳೆಯ ಅಂಕವೂ ಸಿಗುತ್ತಿತ್ತು. ಆದರೆ ಕಣಿವೆಯಲ್ಲಿ ಎರಡು ಕಡೆಯ ಕಾವಲಿನವರು ಗುಂಡು ಹಾರಿಸಿಕೊಂಡ ದಿನ ಚೌಕದಲ್ಲಿ ಸೇರಿದ ಜನಕ್ಕೆ ಕಲ್ಲಿದ್ದಲಿನ ಲೆಕ್ಕ ಬೇಕಿರಲಿಲ್ಲ. ಕಣಿವೆ ನಮ್ಮದೆಂದು ಅವರಿಗೆ ಚಿಕ್ಕಂದಿನಿಂದ ಗೊತ್ತಿತ್ತು. ಯಾರೋ ಮಾವನನ್ನು ಮೇಜಿನ ಮೇಲೆ ಹತ್ತಿಸಿದರು. ಅವರು ಗೋಳವನ್ನು ತಲೆಯ ಮೇಲೆತ್ತಿ, "ಶಾಲೆ ಮಕ್ಕಳನ್ನ ಕೇಳಿ, ಇದು ಯಾರದು ಅಂತ ಅವೇ ಹೇಳ್ತವೆ" ಎಂದರು. ಗಂಡ ಕೆಳಗೆ ತಲೆ ತಗ್ಗಿಸಿ ನಿಂತಿದ್ದ. ಅವಳು ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು. ಸೈನ್ಯಕ್ಕೆ ಹೆಸರು ಕೊಟ್ಟ ಮೊದಲಿಗರಲ್ಲಿ ಅವನೊಬ್ಬ. ಕೊಡದಿರುವುದು ಹೇಗೆ, ಅಪ್ಪ ಮೇಜಿನ ಮೇಲಿರುವಾಗ?

ಆ ಜಗಳಕ್ಕೆ ಒಂದೊಂದಾಗಿ ದೇಶಗಳು ಇಳಿದವು. ಅರ್ಧ ಪ್ರಪಂಚ ಸುಟ್ಟುಹೋದ ಮೇಲೆ ದೊಡ್ಡವರು ಕೂತು ಗೆರೆ ಎಳೆದರು. ಕಣಿವೆಯ ಗೆರೆ ಮೊದಲಿದ್ದಲ್ಲೇ ಉಳಿಯಿತು.

ಅವಳು ಹಾಳೆಯನ್ನು ಮೇಜಿನ ಮೇಲಿಟ್ಟಳು. ಮಗ ತನ್ನ ನೆಲಕ್ಕಾಗಿ ಸತ್ತನೆಂಬ ಒಂದೇ ಊರುಗೋಲು ಹಿಡಿದು ಮಾವ ನಡೆದಾಡುತ್ತಿದ್ದರು. ಅದನ್ನು ಕಿತ್ತುಕೊಳ್ಳುವುದೋ, ಮಕ್ಕಳ ಕೈಗೆ ಮತ್ತೆ ಅದೇ ಸುಳ್ಳನ್ನು ಕೊಡುವುದೋ?

"ಮಾವ, ಹೊಸ ಹಾಳೇಲಿ ಕಣಿವೆ ಅವರ ಕಡೆಗಿದೆ."

ಮಾವ ಚೆಂಡು ಉಜ್ಜುತ್ತಲೇ ಹೇಳಿದರು, "ಹಳೇ ಹಾಳೇಲೂ ಅವರ ಕಡೇನೇ ಇತ್ತಮ್ಮ."

ಅವಳು ತಿರುಗಿ ಅವರನ್ನೇ ನೋಡಿದಳು.

"ಜೋಡು ಕೂಡದಿದ್ರೆ ಗಾಢ ಬಣ್ಣ ಎಳೆದುಬಿಡು ಅಂತ ಅವನಿಗೆ ಹೇಳಿಕೊಟ್ಟೋನೇ ನಾನು. ನನ್ನ ಕಣ್ಣಿಗೆ ಬೀಳದೆ ಇರುತ್ತಾ?"

"ಗೊತ್ತಿದ್ದೂ ಚೌಕದಲ್ಲಿ ಹಾಗೆ ಹೇಳಿದ್ರಾ?"

"ಜನ ಎತ್ತಿ ನಿಲ್ಲಿಸಿದ್ರು. ಅದಕ್ಕೂ ಮುಂಚೆ ನನ್ನನ್ನ ಯಾರೂ ಎಲ್ಲೂ ನಿಲ್ಲಿಸಿರಲಿಲ್ಲ. ಇಳಿಯೋ ಹೊತ್ತಿಗೆ ನಾನೇ ನಂಬಿಬಿಟ್ಟಿದ್ದೆ." ಸುಣ್ಣದ ಪುಡಿಯನ್ನು ಊದಿದರು. "ನಿನಗೂ ಗೊತ್ತಿತ್ತು ಅಲ್ವಾ?"

"ಹೂಂ."

"ಹಳದಿ ಹಾಕು ಈ ಸಲ."

ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವಳು ಹಳದಿ ಹಾಕಿದಳು.

ಮಾರನೆಯ ದಿನ ಹೆಡ್‌ಮೇಷ್ಟ್ರು ಬಂದರು, ತಮ್ಮ ಶಾಲೆಗೆ ಮೊದಲ ಗೋಳ ತಾವೇ ಒಯ್ಯುತ್ತೇನೆಂದು. ವಾರ್ನಿಷ್ ಅಕ್ಕ ಡಬ್ಬಿ ತೆರೆದು ಕೂತಿದ್ದಳು. "ತಡೀರಿ ಮೇಷ್ಟ್ರೇ, ಪ್ರಪಂಚ ಇನ್ನೂ ಹಸಿಯಾಗಿದೆ."

ಮೇಷ್ಟ್ರು ನಗುತ್ತ ಗೋಳ ತಿರುಗಿಸಿದರು. ಒಂದು ಕಡೆ ಬೆರಳು ನಿಂತಿತು.

"ಯಜಮಾನ್ರೇ, ಇದೇನಿದು?"

ಮಾವ ಕೈಯಲ್ಲಿದ್ದ ಚೆಂಡನ್ನು ಕೆಳಗಿಟ್ಟರು.

"ಒಪ್ಪಂದದಲ್ಲಿ ಏನಾದ್ರೂ ಬರಕೊಳ್ಳಲಿ. ಶಾಲೆ ಗೋಡೇಲಿ ಸತ್ತ ಹುಡುಗರ ಹೆಸರು ಕೆತ್ತಿಸಿದೀವಿ, ಮೊದಲನೇದೇ ನಿಮ್ಮ ಮಗಂದು. ಅವರ ಮಕ್ಕಳು ನನ್ನ ಮುಂದೇನೇ ಕೂತಿರ್ತವೆ. ನಮ್ಮಪ್ಪ ಬೇರೆಯವರ ಮನೆಗೆ ನುಗ್ಗಿ ಸತ್ತನಾ ಅಂತ ಕೇಳಿದ್ರೆ ನಾನೇನು ಹೇಳಲಿ?" ಮೇಷ್ಟ್ರ ದನಿ ಗದರುವುದಾಗಿರಲಿಲ್ಲ. ನಿಜವಾಗಿಯೂ ಉತ್ತರ ಬೇಕಾಗಿದ್ದವರಂತೆ ಕೇಳಿದ್ದರು.

ಮಾವ ಎದ್ದು ನಿಂತರು. ಸೊಸೆ ಅವರ ಬಾಯಿಯನ್ನೇ ನೋಡುತ್ತಿದ್ದಳು.

"ಸೊಸೆ ಕೈ ತಪ್ಪಿದೆ ಮೇಷ್ಟ್ರೇ. ಅವನು ಹೋದಾಗಿನಿಂದ ಅವಳಿಗೆ ಗಮನ ಸಾಲದು. ತಿದ್ದಿಕೊಡ್ತಾಳೆ."

ವಾರ್ನಿಷ್ ಅಕ್ಕನ ಕೈಯಲ್ಲಿದ್ದ ಕುಂಚ ಡಬ್ಬಿಯ ಅಂಚಿನಲ್ಲಿ ನಿಂತಿತು. ಅವಳು ಸೊಸೆಯ ಕಡೆ ನೋಡಿದಳು. ಮೇಷ್ಟ್ರೂ ನೋಡಿದರು. ಈಗ ಇಲ್ಲವೆನ್ನಬಹುದಿತ್ತು. ಪಟ್ಟಿ ಕುಗ್ಗಿದ್ದು, ಸುಣ್ಣ ಇಣುಕಿದ್ದು, ಎಲ್ಲವನ್ನೂ ಹೇಳುವಷ್ಟು ವಿದ್ಯೆ ಅವಳಿಗಿತ್ತು.

"ಹೌದು ಮೇಷ್ಟ್ರೇ. ಕಣ್ಣು ತಪ್ಪಿತು."

ಮಾವನ ಮೇಲಿನ ಕರುಣೆಯಿಂದ ಹೇಳಿದೆ ಎಂದುಕೊಳ್ಳಬಹುದಿತ್ತು. ಹಾಗೇನೂ ಅಲ್ಲ. ಗೋಡೆಯ ಮೇಲೆ ಮೊದಲನೆಯ ಹೆಸರು ಎಂದಾಗ ಅವಳ ಮೈಯಲ್ಲಿ ಏನೋ ಹಿತವಾಗಿತ್ತು. ಅದು ಅಲ್ಲೇ ಇರಲಿ ಎನ್ನಿಸಿತ್ತು.

"ಪಾಪ, ಅದಕ್ಕೇನಂತೆ ತಾಯಿ" ಎಂದರು ಮೇಷ್ಟ್ರು, ಕುರ್ಚಿ ಎಳೆದುಕೊಂಡು. "ನಿಮ್ಮ ಕಷ್ಟ ಯಾರಿಗೆ ಗೊತ್ತಿಲ್ಲ."

ಅವಳು ಕೂತು ತಿದ್ದಿದಳು. ಅಕ್ಕ ವಾರ್ನಿಷ್ ಎಳೆದಳು. ಅದು ಒಣಗುವವರೆಗೆ ಮೇಷ್ಟ್ರು ಹವೆಯ ವಿಷಯ, ಸೋರುವ ಶಾಲೆ ಮಾಡಿನ ವಿಷಯ ಮಾತಾಡಿದರು. ಮಾವ ಎಲ್ಲದಕ್ಕೂ ಹೂಂಗುಟ್ಟಿದರು. ಹೊರಡುವಾಗ ಮೇಷ್ಟ್ರು ಗೋಳವನ್ನು ಮಗುವಿನಂತೆ ಎದೆಗವಚಿಕೊಂಡು, "ಉಳಿದವೂ ಹೀಗೇ ಇರಲಿ" ಎಂದರು.

ಊಟದ ಹೊತ್ತಾಯಿತು. ಮಾವ ಒಳಗೆ ಬರಲಿಲ್ಲ. ಅಕ್ಕ ಮೊಣಕಾಲು ನೋವೆಂದು ಬೇಗ ಮನೆಗೆ ಹೋದಳು. ಸೊಸೆ ಅಡುಗೆಮನೆಯಲ್ಲಿ ಒಬ್ಬಳೇ ಬಡಿಸಿಕೊಂಡಳು. ಊಟ ಸೇರಲಾರದೆಂದುಕೊಂಡಿದ್ದಳು. ಆದರೆ ತುಂಬ ಹಸಿದಿದ್ದಳು, ಅನ್ನ ರುಚಿಯಾಗಿತ್ತು. ಮತ್ತೆ ಬಡಿಸಿಕೊಂಡಳು. ಸದ್ದಾಗದಂತೆ ಬಾಗಿಲು ಮುಂದೆ ಮಾಡಿ, ತಲೆ ತಗ್ಗಿಸಿ, ತಟ್ಟೆ ಬರಿದಾಗುವವರೆಗೆ ಉಂಡಳು.